ಫೋಲ್ಡರೊಳಗೆ ಫೋಲ್ಡರ್, ಅದರೊಳಗೆ ಇನ್ನೊಂದು: ಲಕ್ಷ ಫೈಲ್‌ಗಳ ಪಟ್ಟಿ ಬೇಗ ತೆಗೆಯುವುದು ಹೇಗೆ?

ಕೊಡಗಿನಲ್ಲಿ ಯಾವುದಾದರೂ ಹಳೆ ಫೋಟೋ ಸ್ಟುಡಿಯೋದ ಡ್ರಾಯರ್ ತೆಗೆಸಿ ನೋಡಿ. ಹಾರ್ಡ್‌ಡಿಸ್ಕ್‌ಗಳ ಒಂದು ರಾಶಿಯೇ ಇರುತ್ತದೆ, ಮೇಲೆ ಮಾರ್ಕರ್ ಪೆನ್ನಲ್ಲಿ ವರ್ಷ ಬರೆದಿರುತ್ತಾರೆ. ಒಳಗೆ ವರ್ಷದ ಫೋಲ್ಡರ್, ಅದರೊಳಗೆ ಊರು, ಊರಿನೊಳಗೆ ಮನೆತನದ ಹೆಸರು, ಅದರೊಳಗೆ ಮುಹೂರ್ತ ಒಂದು ಕಡೆ, ಗಂಗಾಪೂಜೆ ಇನ್ನೊಂದು ಕಡೆ, ಅದರೊಳಗೆ ಮತ್ತೆ ಕ್ಯಾಮೆರಾ ಒಂದು, ಕ್ಯಾಮೆರಾ ಎರಡು. ಒಂದು ಮದುವೆಗೇ ಸಾವಿರಾರು ಫೋಟೋ ಆಗುತ್ತವೆ. ಹತ್ತು ವರ್ಷದ್ದು ಸೇರಿದರೆ ಲೆಕ್ಕ ಲಕ್ಷಕ್ಕೆ ಹೋಗುತ್ತದೆ. ಯಾರೋ ಫೋನ್ ಮಾಡಿ "ಅಣ್ಣ, ನಮ್ಮ ಅಕ್ಕನ ಮದುವೆ ಫೋಟೋ ಇನ್ನೂ ನಿಮ್ಮ ಹತ್ರ ಇದ್ಯಾ?" ಅಂತ ಕೇಳಿದರೆ ಒಂದೊಂದೇ ಡಿಸ್ಕ್ ಹಾಕಿ ಕ್ಲಿಕ್ ಮಾಡ್ತಾ ಕೂರಬೇಕು. ಎಲ್ಲ ಡಿಸ್ಕಿನ ಎಲ್ಲ ಫೈಲ್‌ಗಳ ಪಟ್ಟಿ ಒಂದು ಕಡೆ ಇದ್ದರೆ ಈ ತಾಪತ್ರಯವೇ ಇಲ್ಲ, ಅಲ್ವಾ?

ಆ ಪಟ್ಟಿ ಮಾಡಿಕೊಡುವ ಪ್ರೋಗ್ರಾಂ ಬರೆಯೋಣ ಅಂದರೆ ಎಲ್ಲರಿಗೂ ಮೊದಲು ಹೊಳೆಯುವುದು ಒಂದೇ ದಾರಿ. ಫೋಲ್ಡರ್ ತೆಗೆ. ಒಳಗಿರುವ ಹೆಸರುಗಳನ್ನು ಓದು. ಒಂದೊಂದು ಹೆಸರಿಗೂ "ನೀನು ಫೋಲ್ಡರಾ?" ಅಂತ ಕೇಳು. ಹೌದಾದರೆ ಅದರೊಳಗೂ ಇದೇ ಕೆಲಸ ಮಾಡು, ಅಲ್ಲವಾದರೆ ಪಟ್ಟಿಗೆ ಸೇರಿಸು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಾದರೆ ಓಎಸ್ ಮಾಡ್ಯೂಲಿನ ಲಿಸ್ಟ್‌ಡಿರ್ ಹೆಸರು ಕೊಡುತ್ತದೆ, ಈಸ್‌ಡಿರ್ ಆ ಪ್ರಶ್ನೆ ಕೇಳುತ್ತದೆ. ಹತ್ತು ಸಾಲೂ ಆಗುವುದಿಲ್ಲ. ಡೆಸ್ಕ್‌ಟಾಪ್ ಮೇಲೆ ಓಡಿಸಿ ನೋಡಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಪಟ್ಟಿ ಬರುತ್ತದೆ. ಅದೇ ಪ್ರೋಗ್ರಾಮನ್ನು ಸ್ಟುಡಿಯೋದ ಹಳೆ ಡಿಸ್ಕಿಗೆ ಬಿಟ್ಟರೆ ಕಾಫಿ ಕುಡಿದು ಬಂದರೂ ಮುಗಿದಿರುವುದಿಲ್ಲ.

ಆಗ ಜನ ಬೈಯುವುದು ಪೈಥಾನ್‌ಗೆ. ಇಲ್ಲದಿದ್ದರೆ ರಿಕರ್ಷನ್‌ಗೆ, ಅಂದರೆ ಫಂಕ್ಷನ್ ತನ್ನನ್ನು ತಾನೇ ಕರೆಯುವ ರೀತಿಗೆ. ಎರಡೂ ಪಾಪ, ಅವುಗಳ ತಪ್ಪು ಬಹಳ ಕಡಿಮೆ. ಫೋಲ್ಡರಿನಿಂದ ಫೋಲ್ಡರಿಗೆ ಹೋಗುವುದಕ್ಕೆ ಅಂಥ ಸಮಯ ಹಿಡಿಯುವುದಿಲ್ಲ. ಸಮಯ ತಿನ್ನುವುದು ಆ ಪ್ರಶ್ನೆ. ಒಂದೊಂದು ಫೈಲಿಗೂ ಒಂದೊಂದು ಸಲ, ಲಕ್ಷ ಫೈಲಿಗೆ ಲಕ್ಷ ಸಲ ಕೇಳುವ ಆ ಪ್ರಶ್ನೆ.

ಯಾಕೆ ಅಂತ ತಿಳಿಯಬೇಕಾದರೆ ಫೋಲ್ಡರ್ ಅಂದರೆ ಡಿಸ್ಕಿನ ಮೇಲೆ ಏನು ಅಂತ ಸ್ವಲ್ಪ ನೋಡಬೇಕು. ಲಿನಕ್ಸಿನ ಇಎಕ್ಸ್‌ಟಿ4 ತರಹದ ವ್ಯವಸ್ಥೆಯಲ್ಲಿ ಫೋಲ್ಡರ್ ಅಂದರೆ ಒಂದು ಸಾದಾ ಪಟ್ಟಿ: ಫೈಲಿನ ಹೆಸರು, ಅದರ ಮುಂದೆ ಒಂದು ಸಂಖ್ಯೆ. ಆ ಸಂಖ್ಯೆಗೆ ಐನೋಡ್ ಸಂಖ್ಯೆ ಅಂತಾರೆ. ಫೈಲಿನ ಸೈಜು, ತಾರೀಕು, ಮಾಲೀಕ ಯಾರು ಎಂಬುದೆಲ್ಲ ಫೋಲ್ಡರಿನಲ್ಲಿ ಇರುವುದಿಲ್ಲ, ಡಿಸ್ಕಿನ ಬೇರೆ ಜಾಗದಲ್ಲಿ, ಐನೋಡಿನಲ್ಲಿ ಇರುತ್ತದೆ. ಹೆಸರುಗಳನ್ನು ಓದುವುದು ಅಗ್ಗ, ಒಂದು ಸಿಸ್ಟಂ ಕಾಲ್‌ಗೆ (ಪ್ರೋಗ್ರಾಂ ಆಪರೇಟಿಂಗ್ ಸಿಸ್ಟಂಗೆ ಮಾಡುವ ಕರೆಗೆ) ನೂರಾರು ಹೆಸರು ಒಟ್ಟಿಗೆ ಬಂದು ಬೀಳುತ್ತವೆ. ಈಸ್‌ಡಿರ್ ಹಾಗಲ್ಲ. ಅದು ಹೆಸರು ಹಿಡಿದುಕೊಂಡು ಐನೋಡ್ ಹುಡುಕಿಕೊಂಡು ಹೋಗುತ್ತದೆ. ಈ ಕರೆಗೆ ಸ್ಟ್ಯಾಟ್ ಅಂತ ಹೆಸರು, ಒಂದು ಫೈಲಿಗೆ ಒಂದು ಸ್ಟ್ಯಾಟ್.

ತಮಾಷೆ ಏನಂದರೆ, ಕೇಳುವ ಅಗತ್ಯವೇ ಇರಲಿಲ್ಲ. ಹೆಸರು ಓದುವಾಗಲೇ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಪ್ರತಿ ಹೆಸರಿನ ಜೊತೆ ಇದು ಫೈಲು, ಇದು ಫೋಲ್ಡರ್, ಇದು ಲಿಂಕ್ (ಬೇರೆ ಜಾಗಕ್ಕೆ ಕೈತೋರುವ ಹೆಸರು) ಅಂತ ಒಂದು ಬೈಟ್ ಗುರುತು ಹಾಕಿ ಕೊಟ್ಟಿರುತ್ತದೆ. ಲಿಸ್ಟ್‌ಡಿರ್ ಅದನ್ನು ಬಿಸಾಕಿ ಬರೀ ಹೆಸರು ಕೊಡುತ್ತದೆ. ತೋಟದಲ್ಲಿ ಬೆಳಿಗ್ಗೆ ಹಾಜರಿ ಹಾಕುವಾಗ ಮೇಸ್ತ್ರಿ ಹೆಸರು ಕೂಗುತ್ತಲೇ ಯಾರು ಕಪಾತಿಗೆ, ಯಾರು ಕಳೆಗೆ ಅಂತ ಹೇಳಿಬಿಡುತ್ತಾನಲ್ಲ, ಅದನ್ನು ಕಿವಿಗೇ ಹಾಕಿಕೊಳ್ಳದೆ ಬರೀ ಹೆಸರು ಬರೆದುಕೊಂಡು, ಆಮೇಲೆ ಒಬ್ಬೊಬ್ಬರ ಲೈನ್ ಮನೆ ಬಾಗಿಲಿಗೂ ಹೋಗಿ ಕೇಳಿದ ಹಾಗೆ ಇದು.

ಈ ದಂಡದ ಕೆಲಸವನ್ನು ತಪ್ಪಿಸಬೇಕು ಅಂತ 2014ರಲ್ಲಿ ಬೆನ್ ಹಾಯ್ಟ್ ಎಂಬುವರು ಪೈಥಾನ್‌ಗೆ ಒಂದು ಪ್ರಸ್ತಾವ ಬರೆದರು, ಪೆಪ್ 471 ಅಂತ ಅದರ ಹೆಸರು. ಅದರಿಂದ ಬಂದದ್ದು ಸ್ಕ್ಯಾನ್‌ಡಿರ್. 2015ರ ಸೆಪ್ಟೆಂಬರ್‌ನಲ್ಲಿ ಬಂದ ಪೈಥಾನ್ 3.5ರಲ್ಲಿ ಸೇರಿತು. ಇದು ಬರೀ ಹೆಸರು ಕೊಡದೆ, ಹೆಸರಿನ ಜೊತೆ ಆ ಗುರುತನ್ನೂ ಇಟ್ಟುಕೊಂಡಿರುವ ಒಂದು ನಮೂದು ಕೊಡುತ್ತದೆ. "ನೀನು ಫೋಲ್ಡರಾ?" ಅಂತ ಆ ನಮೂದನ್ನೇ ಕೇಳಿದರೆ ಡಿಸ್ಕಿನ ತನಕ ಹೋಗದೆ ಅಲ್ಲಿಂದಲೇ ಉತ್ತರ ಬರುತ್ತದೆ. ಕೆಲವು ಫೈಲ್ ಸಿಸ್ಟಂಗಳು ಮಾತ್ರ ಗುರುತಿನ ಜಾಗದಲ್ಲಿ "ಗೊತ್ತಿಲ್ಲ" ಅಂತ ಬರೆಯುತ್ತವೆ, ಆಗ ವಿಧಿಯಿಲ್ಲ, ಸ್ಟ್ಯಾಟ್ ಮಾಡಲೇಬೇಕು. ಅದನ್ನೂ ಸ್ಕ್ಯಾನ್‌ಡಿರ್ ತಾನೇ ನೋಡಿಕೊಳ್ಳುತ್ತದೆ. ಒಳಗಿನ ಎಲ್ಲ ಫೋಲ್ಡರ್ ಸುತ್ತಿಬರಲು ಎಲ್ಲರೂ ಬಳಸುವ ಓಎಸ್ ಡಾಟ್ ವಾಕ್ ಕೂಡ ಆ ಆವೃತ್ತಿಯಿಂದ ಒಳಗೊಳಗೆ ಸ್ಕ್ಯಾನ್‌ಡಿರ್ ಬಳಸುತ್ತದೆ. ಇದರಿಂದ ವಾಕ್ ವಿಂಡೋಸಿನಲ್ಲಿ 8-9 ಪಟ್ಟು, ಲಿನಕ್ಸ್ ಮತ್ತು ಮ್ಯಾಕ್ ತರಹದವುಗಳಲ್ಲಿ 2-3 ಪಟ್ಟು ಚುರುಕಾಗುತ್ತದೆ ಅಂತ ಆ ಪ್ರಸ್ತಾವದಲ್ಲೇ ಬರೆದಿದೆ.

ವಿಂಡೋಸಿನಲ್ಲಿ ಇನ್ನೊಂದು ಲಾಭವೂ ಇದೆ. ಅಲ್ಲಿ ಫೋಲ್ಡರ್ ಓದುವಾಗಲೇ ಸೈಜು, ತಾರೀಕು ಎಲ್ಲ ಜೊತೆಯಲ್ಲೇ ಬರುತ್ತದೆ. ವಿಂಡೋಸಿನ ಫೈಲ್ ಸಿಸ್ಟಂ ಆದ ಎನ್‌ಟಿಎಫ್‌ಎಸ್ ಆ ವಿವರಗಳ ಒಂದು ಪ್ರತಿಯನ್ನು ಫೋಲ್ಡರಿನೊಳಗೇ ಇಟ್ಟಿರುತ್ತದೆ. ಹಾಗಾಗಿ ವಿಂಡೋಸಿನಲ್ಲಿ ಸ್ಕ್ಯಾನ್‌ಡಿರ್ ಕೊಟ್ಟ ನಮೂದಿನಿಂದ ಸೈಜು ಕೇಳಿದರೂ ಪುಕ್ಕಟೆ. ಲಿನಕ್ಸಿನಲ್ಲಿ ಪುಕ್ಕಟೆ ಅಲ್ಲ, ಸೈಜು ಬೇಕು ಅಂದರೆ ಐನೋಡ್ ತನಕ ಹೋಗಲೇಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ. ವಾಕ್ ಬಳಸಿ ಚೆನ್ನಾಗಿ ಬರೆದಿರುತ್ತಾರೆ, ಆಮೇಲೆ ಒಳಗಡೆ ಪ್ರತಿ ಫೈಲಿಗೂ ಗೆಟ್‌ಸೈಜ್ ಅಂತ ಒಂದು ಸಾಲು ಸುಮ್ನೆ ಸೇರಿಸಿಬಿಡುತ್ತಾರೆ. ಉಳಿಸಿದ್ದ ಲಕ್ಷ ಕರೆಗಳು ವಾಪಸ್ ಬಂದವು! ಸೈಜು ನಿಜವಾಗಿ ಬೇಕಾ ಅಂತ ಮೊದಲು ಕೇಳಿಕೊಳ್ಳಿ. ಮದುವೆ ಫೋಟೋ ಯಾವ ಡಿಸ್ಕಿನಲ್ಲಿದೆ ಅಂತ ಹುಡುಕುವುದಕ್ಕೆ ಹೆಸರು ಮತ್ತು ದಾರಿ (ಪಾಥ್, ಅಂದರೆ ಯಾವ ಫೋಲ್ಡರೊಳಗೆ ಯಾವುದು ಎಂಬ ವಿಳಾಸ) ಸಾಕು. ಬೇಕೇ ಬೇಕು ಅಂದರೂ ಜೆಪೆಗ್ ಫೈಲ್‌ಗಳಿಗೆ ಮಾತ್ರ ಕೇಳಿ. ಹೆಸರಿನ ಬಾಲ ನೋಡಿ ಸೋಸುವುದಕ್ಕೆ ಡಿಸ್ಕ್ ಬೇಡ.

ಎರಡನೇ ದೊಡ್ಡ ಉಳಿತಾಯ ಅಂದರೆ ಹೋಗಬೇಕಿಲ್ಲದ ಕಡೆ ಹೋಗದಿರುವುದು. ಸ್ಟುಡಿಯೋ ಡಿಸ್ಕಿನಲ್ಲಿ ಫೋಟೋ ತಿದ್ದುವ ಲೈಟ್‌ರೂಮ್ ತನ್ನ ಪ್ರಿವ್ಯೂಗಳಿಗಾಗಿ ಒಂದು ಫೋಲ್ಡರ್ ಮಾಡಿಕೊಂಡಿರುತ್ತದೆ. ಅದರೊಳಗೆ ಒಂದಕ್ಷರದ ಹೆಸರಿನ ಫೋಲ್ಡರ್‌ಗಳು, ಅವುಗಳೊಳಗೆ ನಾಲ್ಕಕ್ಷರದವು, ಅವುಗಳೊಳಗೆ ಅರ್ಥವಿಲ್ಲದ ಉದ್ದುದ್ದ ಹೆಸರಿನ ಸಣ್ಣ ಸಣ್ಣ ಫೈಲ್‌ಗಳು. ನಮಗೆ ಅದರಲ್ಲಿ ಒಂದೂ ಬೇಡ. ರೀಸೈಕಲ್ ಬಿನ್ ಬೇಡ. ವಿಂಡೋಸ್ ತನಗೆ ಅಂತ ಇಟ್ಟುಕೊಳ್ಳುವ ಸಿಸ್ಟಂ ವಾಲ್ಯೂಮ್ ಇನ್‌ಫರ್ಮೇಷನ್ ಬೇಡ. ಇವುಗಳೊಳಗೆ ಹೋಗಿ, ಎಲ್ಲ ಓದಿ, ಕೊನೆಗೆ ಪಟ್ಟಿಯಿಂದ ತೆಗೆದುಹಾಕುವವರು ಇದ್ದಾರೆ. ಬಾಗಿಲಲ್ಲೇ ವಾಪಸ್ ಬರಬೇಕು.

ವಾಕ್‌ನಲ್ಲಿ ಇದಕ್ಕೆ ದಾರಿ ಇದೆ. ಅದು ಪ್ರತಿ ಫೋಲ್ಡರಿಗೂ ಮೂರು ವಸ್ತು ಕೊಡುತ್ತದೆ: ಫೋಲ್ಡರಿನ ದಾರಿ, ಒಳಗಿನ ಫೋಲ್ಡರ್‌ಗಳ ಪಟ್ಟಿ, ಒಳಗಿನ ಫೈಲ್‌ಗಳ ಪಟ್ಟಿ. ನಡುವಿನ ಪಟ್ಟಿಯಿಂದ ನೀವು ಯಾವ ಹೆಸರು ತೆಗೆದರೂ ವಾಕ್ ಆ ಕಡೆ ಕಾಲಿಡುವುದಿಲ್ಲ. ಆದರೆ ಆ ಪಟ್ಟಿಯನ್ನೇ ತಿದ್ದಬೇಕು. ಸೋಸಿದ ಹೊಸ ಪಟ್ಟಿ ಮಾಡಿ ಅದಕ್ಕೆ ಅದೇ ಹೆಸರಿಟ್ಟರೆ ವಾಕ್‌ಗೆ ಏನೂ ಗೊತ್ತಾಗುವುದಿಲ್ಲ, ಅದರ ಕೈಯಲ್ಲಿ ಹಳೆ ಪಟ್ಟಿಯೇ ಇರುತ್ತದೆ. ಪ್ರೋಗ್ರಾಂ ತಪ್ಪು ಅಂತಲೂ ಹೇಳುವುದಿಲ್ಲ, ಎಲ್ಲ ಕಡೆ ಹೋಗಿ ಬರುತ್ತದೆ ಅಷ್ಟೆ. ಮೇಲಿಂದ ಕೆಳಗೆ ಹೋಗುವ ಕ್ರಮದಲ್ಲಿ ಮಾತ್ರ ಇದು ನಡೆಯುತ್ತದೆ. ಕೆಳಗಿಂದ ಮೇಲೆ ಬರುವ ಕ್ರಮದಲ್ಲಿ ನಿಮ್ಮ ಕೈಗೆ ಪಟ್ಟಿ ಸಿಗುವ ಹೊತ್ತಿಗೆ ಒಳಗಿನದೆಲ್ಲ ಓದಿ ಆಗಿರುತ್ತದೆ. ಇದೇ ಕೆಲಸ ಮಾಡುವ, ಪೈಥಾನ್‌ನ ಪಾಥ್‌ಲಿಬ್ ಮಾಡ್ಯೂಲಿನ ಆರ್‌ಗ್ಲಾಬ್ ಬರೆಯಲು ಬಹಳ ಚೆಂದ, ಒಂದೇ ಸಾಲು, ಆದರೆ ಈ ಒಂದು ಕಾರಣಕ್ಕೆ ದೊಡ್ಡ ಡಿಸ್ಕಿಗೆ ನಾನು ಅದನ್ನು ಬಳಸುವುದಿಲ್ಲ. ನಡುವೆ "ಅಲ್ಲಿಗೆ ಹೋಗಬೇಡ" ಅಂತ ಹೇಳಲು ಅದರಲ್ಲಿ ಜಾಗ ಇಲ್ಲ.

ವಾಕ್ ಇಲ್ಲದೆ ನೀವೇ ಬರೆಯುವುದಾದರೆ ರೂಪ ಹೀಗೆ ಇರುತ್ತದೆ:

ಬಾಕಿ = [ಮೊದಲ ಫೋಲ್ಡರ್]
ಬಾಕಿ ಖಾಲಿ ಆಗುವ ತನಕ:
    ಈಗಿನದು = ಬಾಕಿಯ ಕೊನೆಯದನ್ನು ತೆಗೆ
    ಈಗಿನದರ ಒಂದೊಂದು ನಮೂದಿಗೂ:
        ಲಿಂಕ್ ಆದರೆ: ಬಿಡು
        ಫೋಲ್ಡರ್ ಆದರೆ:
            ಬೇಡದ ಹೆಸರಲ್ಲದಿದ್ದರೆ: ಬಾಕಿಗೆ ಸೇರಿಸು
        ಫೈಲ್ ಆದರೆ: ಹೊರಗೆ ಕೊಡು

(ಅಂದಹಾಗೆ ಪೈಥಾನ್ 3ರಲ್ಲಿ ವೇರಿಯಬಲ್ ಹೆಸರನ್ನು ಕನ್ನಡದಲ್ಲೇ ಇಡಬಹುದು, "ಬಾಕಿ" ಅಂತ ಇಟ್ಟರೆ ಓಡುತ್ತದೆ. ಇಫ್, ಫಾರ್ ಅಂಥವು ಮಾತ್ರ ಇಂಗ್ಲಿಷಲ್ಲೇ ಇರಬೇಕು.)

ಇಲ್ಲಿ ಫಂಕ್ಷನ್ ತನ್ನನ್ನು ತಾನೇ ಕರೆಯುವುದಿಲ್ಲ. ಇನ್ನೂ ನೋಡಬೇಕಾದ ಫೋಲ್ಡರ್‌ಗಳನ್ನು ಒಂದು ಪಟ್ಟಿಯಲ್ಲಿ ಇಟ್ಟುಕೊಂಡು ಒಂದೊಂದೇ ಮುಗಿಸುತ್ತಾ ಹೋಗುತ್ತೇವೆ. ಪೈಥಾನ್ ಒಂದರೊಳಗೊಂದು ಕರೆಗೆ ಸಾಮಾನ್ಯವಾಗಿ 1000ದ ಮಿತಿ ಹಾಕಿರುತ್ತದೆ. ಸ್ಟುಡಿಯೋ ಡಿಸ್ಕಿನಲ್ಲಿ ಅಷ್ಟು ಆಳ ಯಾರೂ ಹೋಗುವುದಿಲ್ಲ, ಆದರೆ ಯಾವುದೋ ಕೆಟ್ಟ ಸ್ಕ್ರಿಪ್ಟ್ ಫೋಲ್ಡರೊಳಗೆ ಫೋಲ್ಡರ್ ಮಾಡುತ್ತಲೇ ಹೋಗಿದ್ದರೆ ಹೋಗಬಹುದು. ವಾಕ್ ಕೂಡ ಪೈಥಾನ್ 3.12ರಲ್ಲಿ ಇದೇ ರೀತಿಗೆ ಬದಲಾಯಿತು. ಬಾಕಿಯಿಂದ ಕೊನೆಯದನ್ನು ತೆಗೆದರೆ ಒಂದು ಕೊಂಬೆಯ ತುದಿ ಮುಟ್ಟಿ ಇನ್ನೊಂದಕ್ಕೆ ಬರುತ್ತದೆ, ಮೊದಲನೆಯದನ್ನು ತೆಗೆದರೆ ಒಂದೊಂದು ಮಟ್ಟ ಮುಗಿಸಿ ಕೆಳಗಿಳಿಯುತ್ತದೆ. ಎರಡನೆಯದರಲ್ಲಿ ಬಾಕಿ ಪಟ್ಟಿ ಬಹಳ ಊದಿಕೊಳ್ಳಬಹುದು, ಹಾಗಾಗಿ ಬೇರೆ ಕಾರಣ ಇಲ್ಲದಿದ್ದರೆ ಮೊದಲನೆಯದೇ ಸರಿ.

ಕೊನೆಯ ಸಾಲಿನಲ್ಲಿ "ಪಟ್ಟಿಗೆ ಸೇರಿಸು" ಅನ್ನದೆ "ಹೊರಗೆ ಕೊಡು" ಅಂದದ್ದು ಸುಮ್ಮನೆ ಅಲ್ಲ. ಪೈಥಾನ್‌ನ ಯೀಲ್ಡ್ ಅದು. ಸಿಕ್ಕ ಫೈಲನ್ನು ಆಗಲೇ ಕೊಟ್ಟು ಮುಂದಕ್ಕೆ ಹೋಗುತ್ತದೆ, ಹತ್ತು ಲಕ್ಷ ದಾರಿಗಳನ್ನು ಮೆಮೊರಿಯಲ್ಲಿ ಹೊತ್ತುಕೊಂಡು ಕೂರುವುದಿಲ್ಲ. ಮೆಮೊರಿ ಈಗ ಸಾಕಷ್ಟು ಇರುತ್ತದೆ ಬಿಡಿ ಅನ್ನಬಹುದು. ಆದರೆ ಜೂನ್ ದಾಟಿದ ಮೇಲೆ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲಾಗುವುದಿಲ್ಲ. ಗಾಳಿಗೆ ಒಂದು ಮರ ಲೈನ್ ಮೇಲೆ ಬಿದ್ದರೆ ಆ ದಿನ ಮುಗಿಯಿತು. ಎಲ್ಲ ಮುಗಿದ ಮೇಲೆ ಒಟ್ಟಿಗೆ ಬರೆಯುತ್ತೇನೆ ಅನ್ನುವ ಪ್ರೋಗ್ರಾಂ ಮುಕ್ಕಾಲು ಡಿಸ್ಕ್ ಓದಿ ಸತ್ತರೆ ಕೈಗೆ ಸೊನ್ನೆ. ಸಿಕ್ಕಿದ್ದನ್ನು ಸಿಕ್ಕ ಹಾಗೆ ಒಂದು ಟೆಕ್ಸ್ಟ್ ಫೈಲಿಗೋ ಎಸ್‌ಕ್ಯೂಲೈಟ್ ಡೇಟಾಬೇಸಿಗೋ ಬರೆಯುತ್ತಾ ಹೋದರೆ, ಒಂದು ಫೋಲ್ಡರ್ ಮುಗಿದಾಗಲೆಲ್ಲ ಅದನ್ನು ಡಿಸ್ಕಿಗೆ ಇಳಿಸಿದರೆ, ಕರೆಂಟ್ ಬಂದ ಮೇಲೆ ಅಲ್ಲಿಂದಲೇ ಮುಂದುವರಿಸಬಹುದು.

ಲಿಂಕ್ ಯಾಕೆ ಬಿಡಬೇಕು? ಒಂದು ಲಿಂಕ್ ತನ್ನ ಮೇಲಿನ ಫೋಲ್ಡರನ್ನೇ ತೋರಿಸುತ್ತಿದ್ದರೆ ಪ್ರೋಗ್ರಾಂ ಅದರೊಳಗೆ ಹೋಗಿ, ಮತ್ತೆ ಮೇಲೆ ಬಂದು, ಮತ್ತೆ ಒಳಗೆ ಹೋಗಿ, ಗಾಣದ ಎತ್ತಾಗುತ್ತದೆ. ವಿಂಡೋಸಿನಲ್ಲಿ ಇಂಥದ್ದನ್ನು ನೀವು ಮಾಡಬೇಕಾಗಿಯೂ ಇಲ್ಲ. ಆಪ್‌ಡೇಟಾದ ಲೋಕಲ್ ಫೋಲ್ಡರಿನೊಳಗೆ ಅಪ್ಲಿಕೇಷನ್ ಡೇಟಾ ಅಂತ ಒಂದು ಜಂಕ್ಷನ್ (ವಿಂಡೋಸಿನ ಒಂದು ಬಗೆಯ ಲಿಂಕ್) ಇರುತ್ತದೆ, ಅದು ಆ ಲೋಕಲ್ ಫೋಲ್ಡರನ್ನೇ ತೋರಿಸುತ್ತದೆ. ಲಿಂಕ್ ಒಳಗೂ ಹೋಗಲೇಬೇಕು ಅಂದರೆ, ಹೋದ ಪ್ರತಿ ಫೋಲ್ಡರಿನ ಡಿವೈಸ್ ಸಂಖ್ಯೆ ಮತ್ತು ಐನೋಡ್ ಸಂಖ್ಯೆಯ ಜೋಡಿಯನ್ನು ಬರೆದಿಟ್ಟುಕೊಂಡು, ಅದೇ ಜೋಡಿ ಮತ್ತೆ ಬಂದರೆ ತಿರುಗಿ ಬರಬೇಕು. ದಾರಿಯ ಹೆಸರು ನೋಡಿ ತೀರ್ಮಾನಿಸಿದರೆ ಉಪಯೋಗವಿಲ್ಲ, ಸುತ್ತು ಹೊಡೆದಷ್ಟೂ ದಾರಿಯ ಹೆಸರು ಬೇರೆ ಬೇರೆಯೇ ಆಗಿರುತ್ತದೆ.

ಇನ್ನೊಂದು ಎಚ್ಚರಿಕೆ. ಪಟ್ಟಿ ಬೇಗ ಬಂತು ಅಂತ ಖುಷಿಪಡುವ ಮುಂಚೆ ಪೂರ್ತಿ ಬಂತಾ ನೋಡಿ. ತೆರೆಯಲು ಅನುಮತಿ ಇಲ್ಲದ ಫೋಲ್ಡರ್ ಸಿಕ್ಕರೆ ವಾಕ್ ಮಾತಾಡದೆ ದಾಟಿಬಿಡುತ್ತದೆ. ಕೆಟ್ಟುಹೋಗುತ್ತಿರುವ ಡಿಸ್ಕಿನಲ್ಲಿ ಓದಲಾಗದ ಫೋಲ್ಡರ್ ಸಿಕ್ಕರೂ ಅಷ್ಟೇ. ಆನ್‌ಎರರ್ ಅಂತ ಒಂದು ಆಯ್ಕೆ ಇದೆ, ಅದಕ್ಕೊಂದು ಫಂಕ್ಷನ್ ಕೊಟ್ಟು ಬಿಟ್ಟುಹೋದ ಹೆಸರುಗಳನ್ನು ಬರೆಸಿಕೊಳ್ಳಿ.

ಈಗ ಡಿಸ್ಕಿನ ವಿಷಯ. ಸ್ಟುಡಿಯೋಗಳಲ್ಲಿರುವ ಪುಟ್ಟ ಎಕ್ಸ್‌ಟರ್ನಲ್ ಡಿಸ್ಕ್‌ಗಳು ಹೆಚ್ಚಾಗಿ ನಿಮಿಷಕ್ಕೆ 5400 ಸುತ್ತಿನವು. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಬೇಕಾದ ಜಾಗ ಓದುವ ಸೂಜಿಯ (ಹೆಡ್) ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದಕ್ಕೆ ಮುಂಚೆ ಸೂಜಿ ಆ ಜಾಗ ಇರುವ ವೃತ್ತಕ್ಕೆ ಸರಿಯಬೇಕು. ಎರಡೂ ಸೇರಿ 10 ಮಿಲಿಸೆಕೆಂಡ್ ಅಂತಲೇ ಇಟ್ಟುಕೊಳ್ಳಿ. ಲಕ್ಷ ಫೈಲಿಗೆ ಲಕ್ಷ ಸಲ ಹೀಗೆ ಆದರೆ 1000 ಸೆಕೆಂಡ್, ಅಂದರೆ 17 ನಿಮಿಷದ ಹತ್ತಿರ. ನಿಜದಲ್ಲಿ ಅಷ್ಟು ಕೆಟ್ಟದಾಗುವುದಿಲ್ಲ. ಇಎಕ್ಸ್‌ಟಿ4ನಲ್ಲಿ ಒಂದು ಐನೋಡ್ ಸಾಮಾನ್ಯವಾಗಿ 256 ಬೈಟ್, ಒಂದು ಬ್ಲಾಕ್ 4096 ಬೈಟ್, ಹಾಗಾಗಿ ಒಂದು ಸಲ ಓದಿದರೆ 16 ಐನೋಡ್ ಒಟ್ಟಿಗೆ ಬರುತ್ತವೆ. ಆದರೆ ಆ ಹದಿನಾರನ್ನು ಸಾಲಾಗಿ ಕೇಳಿದರೆ ಮಾತ್ರ ಲಾಭ. ಇಎಕ್ಸ್‌ಟಿ4 ದೊಡ್ಡ ಫೋಲ್ಡರಿನ ಹೆಸರುಗಳನ್ನು ಹ್ಯಾಶ್ ಕ್ರಮದಲ್ಲಿ ಕೊಡುತ್ತದೆ, ಅಂದರೆ ಐನೋಡ್ ದೃಷ್ಟಿಯಿಂದ ಚೆಲ್ಲಾಪಿಲ್ಲಿ. ಸ್ಟ್ಯಾಟ್ ಮಾಡಲೇಬೇಕಾದಾಗ ಹಳಬರು ಮಾಡುವ ಒಂದು ಜಾಣತನ ಇದೆ: ಒಂದು ಫೋಲ್ಡರಿನ ಹೆಸರುಗಳನ್ನೆಲ್ಲ ಮೊದಲು ಓದಿ, ಐನೋಡ್ ಸಂಖ್ಯೆಯ ಪ್ರಕಾರ ಜೋಡಿಸಿ, ಆಮೇಲೆ ಸ್ಟ್ಯಾಟ್ ಮಾಡುವುದು. ಸಂಖ್ಯೆ ಸ್ಕ್ಯಾನ್‌ಡಿರ್ ನಮೂದಿನಲ್ಲೇ ಸಿಗುತ್ತದೆ. ತಿರುಗುವ ಡಿಸ್ಕಿನಲ್ಲಿ ಇದರ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ, ಎಸ್‌ಎಸ್‌ಡಿಯಲ್ಲಿ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಥ್ರೆಡ್ ಹಾಕಿದರೆ, ಅಂದರೆ ಕೆಲಸವನ್ನು ಹಂಚಿ ಒಟ್ಟಿಗೆ ನಡೆಸಿದರೆ, ಬೇಗ ಆಗುತ್ತಾ ಅಂತ ಎಲ್ಲರೂ ಕೇಳುತ್ತಾರೆ. ತಿರುಗುವ ಡಿಸ್ಕಿಗೆ ಬೇಡ. ಇರುವುದು ಒಂದೇ ಸೂಜಿ ಜೋಡಣೆ, ನಾಲ್ಕು ಥ್ರೆಡ್ ನಾಲ್ಕು ಕಡೆ ಎಳೆದರೆ ಅದು ಓಡಾಡುವುದರಲ್ಲೇ ಸುಸ್ತಾಗುತ್ತದೆ. ಎಸ್‌ಎಸ್‌ಡಿಗೆ ಸ್ವಲ್ಪ ಸಹಾಯ ಆಗುತ್ತದೆ. ನಿಜವಾಗಿ ಉಪಯೋಗಕ್ಕೆ ಬರುವುದು ಡಿಸ್ಕ್ ನೆಟ್‌ವರ್ಕಿನ ಆಚೆ ಇದ್ದಾಗ. ಮೇಲಿನ ಮಹಡಿಯ ನ್ಯಾಸ್ ಪೆಟ್ಟಿಗೆಗೆ ವೈಫೈಯಲ್ಲಿ ಒಂದು ಪ್ರಶ್ನೆ ಹೋಗಿ ಉತ್ತರ ಬರಲು 2 ಮಿಲಿಸೆಕೆಂಡ್ ಆಯಿತು ಅಂದರೂ ಲಕ್ಷ ಪ್ರಶ್ನೆಗೆ 200 ಸೆಕೆಂಡ್, ಅದರಲ್ಲಿ ಬಹುಪಾಲು ಬರೀ ಕಾಯುವುದು. ಎಂಟು ಪ್ರಶ್ನೆ ಒಟ್ಟಿಗೆ ಕಳಿಸಿದರೆ ಕಾಯುವುದು ಹಂಚಿಹೋಗುತ್ತದೆ. ಆ ನ್ಯಾಸ್‌ಗೆ ಲಾಗಿನ್ ಆಗುವ ಅವಕಾಶ ಇದ್ದರೆ ಇದೆಲ್ಲ ಬಿಟ್ಟು ಪ್ರೋಗ್ರಾಮನ್ನು ಅಲ್ಲೇ ಓಡಿಸಿ, ಪಟ್ಟಿಯನ್ನು ಮಾತ್ರ ಈ ಕಡೆ ತರಿಸಿಕೊಳ್ಳಿ.

ಅಳೆಯುವಾಗ ಒಂದು ಮೋಸ ಇದೆ. ಮೊದಲ ಸಲ ಓಡಿಸಿದಾಗ ನಿಧಾನ, ಒಂದು ಸಾಲು ಬದಲಿಸಿ ಎರಡನೇ ಸಲ ಓಡಿಸಿದರೆ ರಾಕೆಟ್. ಆ ಸಾಲಿನಿಂದ ಆದದ್ದಲ್ಲ ಅದು. ಮೊದಲ ಸಲ ಓದಿದ ಫೋಲ್ಡರ್‌ಗಳನ್ನೆಲ್ಲ ಕರ್ನಲ್ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ, ಎರಡನೇ ಸಲ ಡಿಸ್ಕ್ ಮುಟ್ಟಿಯೇ ಇರುವುದಿಲ್ಲ. ಹೋಲಿಸಬೇಕಾದರೆ ಡಿಸ್ಕ್ ತೆಗೆದು ಮತ್ತೆ ಹಾಕಿ.

ಪಟ್ಟಿಯನ್ನು ದಿನಾ ಹೊಸದಾಗಿ ಮಾಡುವುದೂ ಬೇಕಿಲ್ಲ. ಪ್ರತಿ ಫೋಲ್ಡರಿಗೂ ಬದಲಾದ ಸಮಯ ಅಂತ ಒಂದಿರುತ್ತದೆ. ಅದರಲ್ಲಿ ಫೈಲ್ ಸೇರಿದರೆ, ಹೋದರೆ, ಹೆಸರು ಬದಲಾದರೆ ಆ ಸಮಯ ಬದಲಾಗುತ್ತದೆ. ಆದರೆ ಆ ಫೋಲ್ಡರಿನದು ಮಾತ್ರ. ಐದು ಮಟ್ಟ ಕೆಳಗೆ ಒಂದು ಫೋಟೋ ಸೇರಿದರೆ ಮೇಲಿನ ವರ್ಷದ ಫೋಲ್ಡರಿಗೆ ಸುದ್ದಿಯೇ ಮುಟ್ಟುವುದಿಲ್ಲ. ಹಾಗಾಗಿ ಮೇಲಿನದರ ಸಮಯ ನೋಡಿ "ಏನೂ ಬದಲಾಗಿಲ್ಲ" ಅಂತ ಕೈಬಿಡುವ ಹಾಗಿಲ್ಲ, ಎಲ್ಲ ಫೋಲ್ಡರಿಗೂ ಒಂದು ಸಲ ಇಣುಕಬೇಕು. ಆದರೂ ಲಾಭ ದೊಡ್ಡದು: ಲಕ್ಷ ಫೈಲಿನ ಬದಲು ಕೆಲವು ಸಾವಿರ ಫೋಲ್ಡರ್‌ಗಳ ಸಮಯ ಕೇಳಿದರೆ ಸಾಕು, ಬದಲಾದವುಗಳ ಒಳಗೆ ಮಾತ್ರ ಓದಿದರೆ ಸಾಕು. ಫ್ಯಾಟ್ ಫಾರ್ಮ್ಯಾಟಿನ ಪೆನ್‌ಡ್ರೈವ್, ಮೆಮೊರಿ ಕಾರ್ಡ್‌ಗಳಲ್ಲಿ ಈ ಉಪಾಯ ನಂಬಬೇಡಿ.

ಪ್ರೋಗ್ರಾಮೇ ಬೇಡದ ಸಂದರ್ಭವೂ ಇದೆ. ಲಿನಕ್ಸಿನಲ್ಲಿ ಫೈಂಡ್ ಅಂತ ಒಂದು ಕಮಾಂಡ್ ಹಳೆ ಕಾಲದಿಂದ ಇದೆ, ಮೇಲೆ ಹೇಳಿದ ಜಾಣತನಗಳಲ್ಲಿ ಬಹುಪಾಲು ಅದಕ್ಕೆ ಗೊತ್ತು, ಪ್ರೂನ್ ಅಂದರೆ ಬೇಡದ ಕಡೆ ಹೋಗುವುದಿಲ್ಲ. ವಿಂಡೋಸಿನಲ್ಲಿ ಎವೆರಿಥಿಂಗ್ ಅಂತ ಒಂದು ಸಾಫ್ಟ್‌ವೇರ್ ಇದೆ. ಅದು ಫೋಲ್ಡರ್ ಫೋಲ್ಡರ್ ತಿರುಗುವುದೇ ಇಲ್ಲ. ಎನ್‌ಟಿಎಫ್‌ಎಸ್ ಡಿಸ್ಕಿನಲ್ಲಿ ಎಲ್ಲ ಫೈಲ್‌ಗಳ ದಾಖಲೆ ಇರುವ ಮಾಸ್ಟರ್ ಫೈಲ್ ಟೇಬಲ್ಲನ್ನೇ ನೇರವಾಗಿ ಓದಿಬಿಡುತ್ತದೆ. ಅದರ ವೇಗಕ್ಕೆ ನಮ್ಮ ಯಾವ ವಾಕ್ ಕೂಡ ಸಾಟಿಯಲ್ಲ.

ಕನ್ನಡದಲ್ಲಿ ಫೋಲ್ಡರ್ ಹೆಸರಿಡುವವರಿಗೆ ಇನ್ನೆರಡು ವಿಷಯ ಹೇಳಲೇಬೇಕು. ಇಎಕ್ಸ್‌ಟಿ4ನಲ್ಲಿ ಒಂದು ಹೆಸರು 255 ಬೈಟ್ ಮೀರುವಂತಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರ, ಪ್ರತಿ ಗುಣಿತದ ಚಿಹ್ನೆ, ಒತ್ತಕ್ಷರ ಬರೆಯಲು ನಡುವೆ ಬರುವ ಪ್ರತಿ ಅರ್ಧಾಕ್ಷರದ ಚಿಹ್ನೆ (್) 3 ಬೈಟ್ ತಿನ್ನುತ್ತದೆ, ಅಂದರೆ ಇಂಥ 85 ತುಂಡಿಗೆ ಜಾಗ ಮುಗಿಯಿತು. ವಿಂಡೋಸಿನ ಎನ್‌ಟಿಎಫ್‌ಎಸ್ ಬೈಟ್ ಲೆಕ್ಕ ಹಾಕುವುದಿಲ್ಲ, 255 ತುಂಡು ಹಿಡಿಸುತ್ತದೆ. ಮನೆತನ, ಮದುಮಕ್ಕಳ ಹೆಸರು, ಮಂಟಪ, ತಾರೀಕು ಎಲ್ಲ ಸೇರಿಸಿದ ಉದ್ದದ ಹೆಸರು ಒಂದರಲ್ಲಿ ಕೂತು ಇನ್ನೊಂದಕ್ಕೆ ಕಾಪಿ ಆಗದೇ ಇರುವುದು ಹೀಗೆ.

ಎರಡನೆಯದು ಇನ್ನೂ ಕಿತಾಪತಿಯದು. "ಗೋಣಿಕೊಪ್ಪ" ಅಂತ ಟೈಪ್ ಮಾಡಿದರೆ ಸಾಮಾನ್ಯವಾಗಿ 9 ತುಂಡು, 27 ಬೈಟ್. ಆದರೆ ಯೂನಿಕೋಡಿನಲ್ಲಿ ಓತ್ವದ ಚಿಹ್ನೆಯನ್ನು ಒಂದೇ ತುಂಡಾಗಿಯೂ ಬರೆಯಬಹುದು, ಮೂರು ತುಂಡಾಗಿ ಬಿಡಿಸಿಯೂ ಬರೆಯಬಹುದು. ಒತ್ವದ ಚಿಹ್ನೆಯನ್ನು ಎರಡಾಗಿ ಬಿಡಿಸಬಹುದು. ಹಳೆ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಆಗ ಅದೇ ಗೋಣಿಕೊಪ್ಪ 12 ತುಂಡು, 36 ಬೈಟ್. ಪರದೆ ಮೇಲೆ ಎರಡೂ ಒಂದೇ ತರಹ ಕಾಣುತ್ತವೆ, ಪ್ರೋಗ್ರಾಮಿಗೆ ಮಾತ್ರ ಬೇರೆ ಬೇರೆ ಊರು. ಮ್ಯಾಕಿನಲ್ಲಿ ಮಾಡಿದ ಬ್ಯಾಕಪ್ಪಿನ ಪಟ್ಟಿಯನ್ನು ವಿಂಡೋಸ್ ಡಿಸ್ಕಿನ ಪಟ್ಟಿಗೆ ಹೋಲಿಸಿದರೆ ಅರ್ಧ ಫೋಲ್ಡರ್‌ಗಳು ಕಾಣೆಯಾದ ಹಾಗೆ ತೋರಿಸಬಹುದು. ಹೋಲಿಸುವ ಮುಂಚೆ ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್ ಬಳಸಿ ಎರಡನ್ನೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಬಿಡಿಸಿದ ತುಂಡುಗಳನ್ನು ಕೂಡಿಸಿದ ರೂಪಕ್ಕೆ, ತನ್ನಿ. ಪಟ್ಟಿಯಲ್ಲಿ ಮಾತ್ರ ಎರಡು ಅಂಕಣ ಇರಲಿ, ಹುಡುಕುವುದಕ್ಕೆ ಎನ್‌ಎಫ್‌ಸಿ ಹೆಸರು ಒಂದು, ಡಿಸ್ಕ್ ಕೊಟ್ಟ ಮೂಲ ಹೆಸರು ಇನ್ನೊಂದು. ಫೈಲ್ ತೆರೆಯುವಾಗ ಮೂಲ ಹೆಸರನ್ನೇ ಕೊಡಬೇಕು, ಸರಿಮಾಡಿದ ಹೆಸರು ಕೊಟ್ಟರೆ ಲಿನಕ್ಸ್ ಅಂಥ ಫೈಲೇ ಇಲ್ಲ ಅನ್ನುತ್ತದೆ.